ಬೆಂಬಲ ಕೊಡುವ ಮುನ್ನ ಷರತ್ತು ಹೇಳಿ

ಕಡೂರು, ತರೀಕೆರೆ, ಅಜ್ಜಂಪುರದ ಮತದಾರರು ಎರಡು ದೊಡ್ಡ ಪಕ್ಷಗಳಿಗಷ್ಟೇ ಕಟ್ಟುಬಿದ್ದವರಲ್ಲ. 2013ರಲ್ಲಿ ಕಡೂರು ಜೆಡಿಎಸ್‌ನ ವೈ.ಎಸ್.ವಿ. ದತ್ತ ಅವರನ್ನು ಗೆಲ್ಲಿಸಿತು. ಅದೇ ಚುನಾವಣೆಯಲ್ಲಿ, ಅಜ್ಜಂಪುರವೂ ಸೇರಿದ ತರೀಕೆರೆ ಕ್ಷೇತ್ರದಲ್ಲಿ ಕೆಜೆಪಿಯ ಡಿ.ಎಸ್. ಸುರೇಶ್ ಸಾವಿರಕ್ಕೂ ಕಡಿಮೆ ಮತಗಳಿಂದ ಸೋತು, ಕಾಂಗ್ರೆಸ್‌ನ ಜಿ.ಎಚ್. ಶ್ರೀನಿವಾಸ್ ಶಾಸಕರಾದರು. ಯಡಿಯೂರಪ್ಪನವರ ಕೆಜೆಪಿಗೆ ಇಡೀ ರಾಜ್ಯದಲ್ಲಿ ದಕ್ಕಿದ್ದು 6 ಸ್ಥಾನ. ಆದರೂ ಬಿಜೆಪಿ 40ಕ್ಕೆ ಕುಸಿಯಲು ಅದು ಸಾಕಾಯಿತು. 2015ರಲ್ಲಿ, ಐರೋಪ್ಯ ಒಕ್ಕೂಟ ಬಿಡಬೇಕೆಂದ ಬ್ರಿಟನ್ನಿನ ಯುಕಿಪ್ ಪಕ್ಷ ಶೇ 12.6ರಷ್ಟು ಮತ ಪಡೆದೂ ಒಂದೇ ಸ್ಥಾನ ಗೆದ್ದಿತ್ತು. ಮರುವರ್ಷವೇ ಆ ದೇಶ ಐರೋಪ್ಯ ಒಕ್ಕೂಟ ಬಿಡುವ ತೀರ್ಮಾನ ಮಾಡಿತು. ಸಣ್ಣ ಪಕ್ಷದ ಬಲವನ್ನು ಸ್ಥಾನ ಎಣಿಸಿ ಅಳೆಯಲಾಗದು.

ಆ ಬಲವನ್ನು ಯಾತಕ್ಕೆ ಬಳಸುತ್ತಾರೆ ಎಂಬುದೇ ನಮ್ಮ ಪ್ರಶ್ನೆ.

2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಬಿಜೆಪಿಗೆ 31, ಕಾಂಗ್ರೆಸ್‌ಗೆ 29, ಜೆಡಿಎಸ್‌ಗೆ 14 ಇದ್ದವು. ಆ 14 ಮಂದಿ ಯಾವ ಕಡೆ ವಾಲಿದರೆ ಆ ಕಡೆಗೆ ಗೆಲುವು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಮಸೂದೆ ಸದನಕ್ಕೆ ಬಂತು. ಕೃಷಿಕರಲ್ಲದವರು ಜಮೀನು ಕೊಳ್ಳುವುದಕ್ಕೆ ಇದ್ದ ತಡೆಯನ್ನು ಅದು ತೆಗೆದುಹಾಕುತ್ತಿತ್ತು. ಬೆಂಗಳೂರಿನಲ್ಲಿ ರೈತರು ಬೀದಿಗಿಳಿದಿದ್ದರು. ರೈತರ ಪಕ್ಷವೆಂದು ಹೇಳಿಕೊಂಡು ಬಂದ ಜೆಡಿಎಸ್ ಡಿಸೆಂಬರ್ 8ರಂದು ಮಸೂದೆಯ ಪರ ನಿಂತಿತು. ಯಗಟಿಯಲ್ಲೋ ಶಿವನಿಯಲ್ಲೋ ಮೂರು ಎಕರೆ ಬೆದ್ದಲು ಇಟ್ಟುಕೊಂಡು, ಕೊಳವೆಬಾವಿ ಬತ್ತಿ, ಸಾಲ ಹೊತ್ತವನ ಮನೆಬಾಗಿಲಿಗೆ ಬೆಂಗಳೂರಿನ ಕೊಳ್ಳುಗ ಬರಲು ದಾರಿ ಆಗಿದ್ದು ಆ ಬೆಂಬಲದಿಂದ. ಅದಕ್ಕೆ ಬದಲಾಗಿ ಆ ರೈತನಿಗಾಗಿ ಜೆಡಿಎಸ್ ಏನು ಕೇಳಿತು? ಅವನಿಗೆ ಯಾರೂ ಹೇಳಲಿಲ್ಲ.

ವಾರ ಕಳೆದು, ಡಿಸೆಂಬರ್ 15ರಂದು ಸಭಾಪತಿ ಪೀಠಕ್ಕಾಗಿ ಪರಿಷತ್ತಿನಲ್ಲಿ ತಳ್ಳಾಟವೇ ನಡೆಯಿತು. ಜೆಡಿಎಸ್‌ನವರಾದ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಇಳಿಸಿದರು. ಸಖರಾಯಪಟ್ಟಣದ ಆ ಗೌಡರನ್ನು ಈ ಭಾಗದವರು ಬೀರೂರು ಕ್ಷೇತ್ರದ ಶಾಸಕರಾಗಿದ್ದಾಗಿನಿಂದ ಬಲ್ಲರು. ಎರಡು ವಾರದ ಬಳಿಕ ಕಡೂರು ತಾಲ್ಲೂಕಿನ ಗುಣಸಾಗರದ ಬಳಿ ರೈಲು ಹಳಿಯ ಮೇಲೆ ಅವರ ಶವ ಸಿಕ್ಕಿತು. ಸಾವಿಗೆ ಕಾರಣ ಊಹಿಸುವ ಹಕ್ಕು ನಮಗಿಲ್ಲ. ಎರಡು ದೊಡ್ಡ ಪಕ್ಷಗಳ ಜಗಳದಲ್ಲಿ ಮೂರನೆಯವರ ಸಭ್ಯ ಮನುಷ್ಯನೊಬ್ಬ ಹಾಗೆ ನಜ್ಜುಗುಜ್ಜಾಗಿದ್ದು ಇಂದಿಗೂ ಸಂಕಟ ತರುತ್ತದೆ. 2021ರ ಫೆಬ್ರುವರಿಯಲ್ಲಿ ಸಭಾಪತಿ ಸ್ಥಾನ ಜೆಡಿಎಸ್‌ನ ಬಸವರಾಜ ಹೊರಟ್ಟಿ ಅವರಿಗೆ ಬಂತು. ಅಷ್ಟೆಲ್ಲ ಆದಮೇಲೆ ಊರಿನ ಕಣ್ಣಿಗೆ ಕಂಡ ಫಲ ಆ ಒಂದು ಪೀಠ.

ಷರತ್ತು ಹೇಳಿ ಬೆಂಬಲ ಕೊಟ್ಟವರೂ ಇದ್ದಾರೆ. ಬ್ರಿಟನ್ನಿನಲ್ಲಿ 2017ರಲ್ಲಿ ತೆರೇಸಾ ಮೇ ಅವರಿಗೆ ಬಹುಮತ ತಪ್ಪಿದಾಗ ಉತ್ತರ ಐರ್ಲೆಂಡಿನ ಡಿಯುಪಿ ತನ್ನ 10 ಸಂಸದರ ಬೆಂಬಲ ಕೊಟ್ಟಿತು. ತನ್ನ ಪ್ರಾಂತ್ಯಕ್ಕೆ 100 ಕೋಟಿ ಪೌಂಡ್ ಹೆಚ್ಚುವರಿ ಹಣ ಪಡೆಯಿತು. ಉಳಿದ ಪ್ರಾಂತ್ಯಗಳು ಇದು ಅನ್ಯಾಯ ಎಂದು ಕೂಗಿದವು; ಆ ಕೂಗಿನಲ್ಲಿ ನ್ಯಾಯವೂ ಇತ್ತು. ಆದರೆ ಒಪ್ಪಂದ ಕಾಗದದ ಮೇಲಿತ್ತು, ಯಾರು ಬೇಕಾದರೂ ಓದಬಹುದಿತ್ತು. ಅಷ್ಟು ದೂರ ಹೋಗುವುದೂ ಬೇಡ. ಕೇಂದ್ರದಲ್ಲಿ ಬಿಜೆಪಿ 240ಕ್ಕೆ ನಿಂತಾಗ 16 ಸಂಸದರ ತೆಲುಗುದೇಶಂ ಬೆಂಬಲ ಕೊಟ್ಟಿತು. 2024ರ ಜುಲೈ ಬಜೆಟ್‌ನಲ್ಲೇ ಅಮರಾವತಿಗೆ 15,000 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು.

ಜೆಡಿಎಸ್‌ಗೆ ಕೇಳುವುದು ಗೊತ್ತಿಲ್ಲವೆಂದಲ್ಲ. 2018ರಲ್ಲಿ 37 ಸ್ಥಾನ ಇಟ್ಟುಕೊಂಡೇ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, ಸಾಲಮನ್ನಾ ಘೋಷಿಸಿದರು. ಈಗ ಪಕ್ಷಕ್ಕೆ ಇಬ್ಬರು ಲೋಕಸಭಾ ಸದಸ್ಯರಿದ್ದಾರೆ, ಅವರಲ್ಲಿ ಕುಮಾರಸ್ವಾಮಿ ಕೇಂದ್ರ ಸಚಿವರು. ಕೇಳಬೇಕಾದ್ದೂ ಕಣ್ಣೆದುರಿಗಿದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಕೊಡುವುದಾಗಿ ಕೇಂದ್ರ 2023ರ ಬಜೆಟ್‌ನಲ್ಲಿ ಹೇಳಿತ್ತು. ಹಣ ಬಂದಿಲ್ಲ ಎಂಬುದು ರಾಜ್ಯ ಸರ್ಕಾರದ ದೂರು. ಅಣೆಕಟ್ಟೆ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಸುರಂಗ ಹಾದುಹೋಗುವುದು ಅಜ್ಜಂಪುರದ ಬಳಿ, ಕೆರೆಗೆ ನೀರಿಲ್ಲದೆ ತೆಂಗು ಒಣಗುವುದು ಕಡೂರಿನಲ್ಲಿ.

ಇವತ್ತು ಎರಡೂ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಶಾಸಕರಿದ್ದಾರೆ, ಅವರ ಹೊಣೆ ಬೇರೆ. 2021ರಲ್ಲೇ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಚುನಾವಣೆಗೆ ಜೆಡಿಎಸ್‌ನವರಾಗಲಿ ಪಕ್ಷೇತರರಾಗಲಿ ಮತ ಕೇಳಿ ಬಂದಾಗ ಮೂರು ತಾಲ್ಲೂಕಿನವರೂ ಒಂದು ಹಾಳೆ ಮುಂದಿಡಬೇಕು. ಗೆದ್ದು ಯಾರಿಗೆ ಬೆಂಬಲ ಕೊಡುತ್ತೀರಿ, ಅದಕ್ಕೆ ಬದಲಾಗಿ ನಮ್ಮ ಕೆರೆಗಳಿಗೆ ಏನು ಕೇಳುತ್ತೀರಿ ಎಂಬುದನ್ನು ಅಭ್ಯರ್ಥಿ ಆ ಹಾಳೆಯಲ್ಲಿ ಬರೆದು ಸಹಿ ಹಾಕಲಿ.