‘ಯಾರಾದ್ರೂ ನೋಡ್ಕೊಳ್ಳಿ’ ಎಂದರೆ ಯಾರು?

ಸಣ್ಣ ಗ್ರಂಥಾಲಯಕ್ಕೆ ಡಿಜಿಟಲ್ ಕ್ಯಾಲೆಂಡರ್ ಯಾಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂಬುದು ಎಲ್ಲರ ಕಣ್ಣಿಗೆ ಕಾಣಲಿ ಎಂದು. ಯಾರು ತಡವಾಗಿ ಬಂದರು ಎಂದು ಹಿಡಿಯುವುದಕ್ಕಲ್ಲ.

ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು, ಭಾನುವಾರ ಪುಣೆಯ ಕನ್ನಡಿಗರೇ ನಡೆಸುವ ಒಂದು ಪುಟ್ಟ ಗ್ರಂಥಾಲಯಕ್ಕೆ ಹೋಗುತ್ತೇನೆ. ಅಲ್ಲಿ ಸಂಬಳಕ್ಕೆ ಇರುವವರು ಇಬ್ಬರೇ, ಗ್ರಂಥಪಾಲಕರು ಮತ್ತು ನಾವೆಲ್ಲ ಅಕ್ಕ ಎಂದು ಕರೆಯುವ ಸಹಾಯಕಿ. ಉಳಿದ ಆರು ಜನ ನನ್ನಂತೆ ಬಿಡುವಿದ್ದಾಗ ಬರುವವರು. ಎರಡು ವರ್ಷದ ಹಿಂದಿನವರೆಗೆ ಪಾಳಿ ನಿಗದಿಯಾಗುತ್ತಿದ್ದದ್ದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ‘ನಾಳೆ ನನಗಾಗಲ್ಲ, ಯಾರಾದ್ರೂ ನೋಡ್ಕೊಳ್ಳಿ’ ಎಂದು ಶನಿವಾರ ರಾತ್ರಿ ಒಂದು ಸಂದೇಶ. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಹತ್ತು ಶುಭೋದಯ, ಎರಡು ಹುಟ್ಟುಹಬ್ಬದ ಕೇಕು. ಆ ‘ಯಾರಾದ್ರೂ’ ಹೆಚ್ಚಿನ ಸಲ ಅಕ್ಕನೇ ಆಗಿರುತ್ತಿದ್ದರು. ಭಾನುವಾರ ಅವರ ವಾರದ ರಜೆ!

ನಾವು ದೊಡ್ಡದೇನೂ ಮಾಡಲಿಲ್ಲ. ಗ್ರಂಥಾಲಯದ ಹೆಸರಿನಲ್ಲೇ ಒಂದು ಖಾತೆ ತೆರೆದು, ಗೂಗಲ್ ಕ್ಯಾಲೆಂಡರಿನಲ್ಲಿ ಪಾಳಿ ಹಾಕಿದೆವು. ನಮ್ಮ ಪೈಕಿ ಯಾರದ್ದಾದರೂ ಸ್ವಂತ ಖಾತೆಯಲ್ಲಿ ಮಾಡಿದ್ದರೆ, ಅವರು ಬೆಂಗಳೂರಿಗೆ ಹೊರಟ ದಿನ ಪಾಳಿ ಪಟ್ಟಿಯ ಬೀಗದ ಕೈಯೂ ಅವರ ಜೊತೆಗೇ ಹೋಗುತ್ತಿತ್ತು. ದಿನ ಗೊತ್ತಿರುವ ಕೆಲಸ ಮಾತ್ರ ಕ್ಯಾಲೆಂಡರಿಗೆ. ‘ಎಂದಾದರೂ ಆಗಬೇಕು’ ಎನ್ನುವಂಥದ್ದಕ್ಕೆ ಟ್ರೆಲ್ಲೊದಲ್ಲಿ ಬೇರೆ ಪಟ್ಟಿ. ಎರಡನ್ನೂ ಬೆರೆಸಿದರೆ ಒಂದು ತಿಂಗಳಲ್ಲಿ ಯಾರೂ ಅತ್ತ ತಲೆ ಹಾಕುವುದಿಲ್ಲ. ನನ್ನ ಆಫೀಸಿನಲ್ಲಿ ಇದನ್ನು ಚೆನ್ನಾಗಿ ನೋಡಿದ್ದೇನೆ.

ಮುಖ್ಯವಾದದ್ದು ಕ್ಯಾಲೆಂಡರಿನಲ್ಲಿ ಏನು ಬರೆಯುತ್ತೇವೆ ಎಂಬುದು. ಕೌಂಟರಿನ ಹೊತ್ತನ್ನಷ್ಟೇ ಬರೆದರೆ ಅದು ಹಾಜರಿ ಪುಸ್ತಕವಾಗುತ್ತದೆ. ಓದುಗರು ಬರುವ ಮೊದಲು ಅಕ್ಕ ಏನು ಮಾಡುತ್ತಾರೆ? ಹಿಂದಿರುಗಿದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಾರೆ, ಹೊಸದರ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತಾರೆ, ಹರಿದದ್ದನ್ನು ಬೈಂಡಿಂಗಿಗೆ ಕಟ್ಟಿಡುತ್ತಾರೆ, ಮಳೆಗಾಲ ಮುಗಿದ ಮೇಲೆ ಮುಗ್ಗಲು ಹಿಡಿದವನ್ನು ಗಾಳಿಗೆ ಹರಡುತ್ತಾರೆ. ಇವನ್ನೂ ಸಮಯ ಸಮೇತ ಬರೆಯಿರಿ ಎಂದು ಅಕ್ಕನಿಗೆ ಹೇಳಿದೆವು. ಬರೀ ನೋಡುವುದಕ್ಕಲ್ಲ, ತಿದ್ದುವುದಕ್ಕೂ ಅವರಿಗೆ ಅನುಮತಿ ಇದೆ. ಸಮಿತಿಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. ಫೋನಿನ ಲೊಕೇಶನ್ ನೋಡಿ ಹಾಜರಿ ಹಾಕುವ ಆ್ಯಪ್ ತರೋಣ ಎಂದರು. ಕೊಡುವ ಸಂಬಳಕ್ಕೆ ಅಷ್ಟು ಕಾವಲು ಬೇಕೇ ಸಾರ್ ಎಂದು ಕೇಳಿದೆ, ಮಾತು ಅಲ್ಲಿಗೆ ನಿಂತಿತು. ರಜೆಯ ಕಾರಣವನ್ನೂ ಕ್ಯಾಲೆಂಡರಿನಲ್ಲಿ ಬರೆಯಬಾರದು. ‘ರಜೆ’ ಎಂದಿದ್ದರೆ ಸಾಕು. ಆಸ್ಪತ್ರೆಯೋ ನೆಂಟರ ಮದುವೆಯೋ, ಎಂಟು ಜನಕ್ಕೆ ತಿಳಿಯಬೇಕಿಲ್ಲ.

ಪುಸ್ತಕಗಳ ಲೆಕ್ಕಕ್ಕೆ ನಾವು ಬಳಸುವುದು ‘ಕೋಹಾ’. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಅದರೊಳಗೆ ಬೇರೆಯೇ ಒಂದು ಕ್ಯಾಲೆಂಡರ್ ಇದೆ. ಬಾಗಿಲು ಮುಚ್ಚುವ ದಿನಗಳನ್ನು ಅಲ್ಲಿ ಗುರುತಿಸಿಟ್ಟರೆ, ಪುಸ್ತಕ ಮರಳಿಸುವ ಗಡುವು ಬೀಗ ಹಾಕಿದ ದಿನಕ್ಕೆ ಬೀಳದಂತೆ ಮಾಡಬಹುದು. ಪುಣೆಯಲ್ಲಿ ಗಣೇಶೋತ್ಸವದ ಸಂಜೆಗಳಲ್ಲಿ ಊರೊಳಗಿನ ರಸ್ತೆಗಳು ಬಂದ್ ಆಗುತ್ತವೆ, ನಮ್ಮ ಬಾಗಿಲೂ ಮುಚ್ಚಿರುತ್ತದೆ. ಸಿಬ್ಬಂದಿಗೆ ರಜೆ ಕೊಟ್ಟು ಕೋಹಾಕ್ಕೆ ಹೇಳದಿದ್ದರೆ ಓದುಗರ ದಂಡದ ಜಗಳ ಬಂದು ನಿಲ್ಲುವುದು ಅಕ್ಕನ ಕೌಂಟರಿಗೇ. ಅದಕ್ಕೆ ಎರಡೂ ಕ್ಯಾಲೆಂಡರ್ ಒಬ್ಬರ ಕೈಯಲ್ಲಿ, ಅಂದರೆ ಗ್ರಂಥಪಾಲಕರ ಬಳಿ ಇವೆ.

ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವುದರ ಬಗ್ಗೆ. ಸಮಿತಿಗಳಲ್ಲಿ ಇದನ್ನು ಹೇಳುವವರು ಬಹಳ. ಅದನ್ನು ಉಳಿಸಿಕೊಡುವವರ ಸಮಯದ ಲೆಕ್ಕ ಇಟ್ಟವರನ್ನು ನಾನು ಕಂಡದ್ದು ಕಡಿಮೆ.

ಈಗ ಖರ್ಚು ತಗ್ಗಿಸುವ ಮಾತು ಬಂದಿದೆ. ಬೆಳಗ್ಗೆ ಓದುಗರೇ ಇರುವುದಿಲ್ಲ, ಅಕ್ಕನಿಗೆ ಅರ್ಧ ದಿನದ ಕೆಲಸ, ಅರ್ಧ ಸಂಬಳ ಸಾಕು ಎನ್ನುವ ಪ್ರಸ್ತಾವ ಮುಂದಿನ ತಿಂಗಳ ಸಭೆಗೆ ಬರಲಿದೆ. ಕಳೆದ ಮೂರು ತಿಂಗಳ ಕ್ಯಾಲೆಂಡರನ್ನು ಮುದ್ರಿಸಿಟ್ಟಿದ್ದೇವೆ. ಬೆಳಗಿನ ಹೊತ್ತು ಖಾಲಿ ಇರುವ ದಿನ ಅದರಲ್ಲಿ ಒಂದೂ ಇಲ್ಲ. ಸಭೆಯಲ್ಲಿ ಅದನ್ನು ತೋರಿಸಿ ಮಾತಾಡುವವರು ಅಕ್ಕನೇ.