ಖಾಲಿ ಸೀಟು ನನ್ನದು, ದುಡ್ಡೂ ನನ್ನದೇ

ಹಾಜರಿ ಪುಸ್ತಕ ಹಿಡಿದು ಹೊರಟಿದ್ದಾರೆ ಮಹನೀಯರು. ಫುಟ್‌ಬಾಲಿನ ಸೀಸನ್ ಟಿಕೆಟ್ ಕೊಂಡು ಮ್ಯಾಚಿಗೆ ಬಾರದವನ ಸೀಟು ಕಿತ್ತು ಬೇರೆಯವರಿಗೆ ಕೊಡಬೇಕಂತೆ. ಗ್ಯಾಲರಿ ಟಿವಿಯಲ್ಲಿ ಬೋಳಾಗಿ ಕಂಡರೆ ಲೀಗಿನ ಮಾನ ಹೋಗುತ್ತದಂತೆ. ಇಂಗ್ಲೆಂಡಿನ ಆರ್ಸೆನಲ್‌ನಲ್ಲಿ ಹೀಗೇ ಮಾಡುತ್ತಾರಂತೆ!

ಮಾಡುತ್ತಾರೆ, ಯಾರು ಇಲ್ಲವೆಂದರು? ಅಲ್ಲಿ ಒಂದು ಸೀಟಿಗೆ ಜನ ವರ್ಷಗಟ್ಟಲೆ ಸರತಿಯಲ್ಲಿ ಕಾಯುತ್ತಾರೆ. ಆಗಸ್ಟಿನ ಪಂದ್ಯದ ಪಟ್ಟಿ ಜೂನಿನಲ್ಲೇ ಕೈಗೆ ಬರುತ್ತದೆ. ಇಲ್ಲಿ 2025ರ ಸೆಪ್ಟೆಂಬರಿನಲ್ಲಿ ಶುರುವಾಗಬೇಕಿದ್ದ ಇಂಡಿಯನ್ ಸೂಪರ್ ಲೀಗ್, ಫೆಡರೇಷನ್ನಿಗೂ ವಾಣಿಜ್ಯ ಪಾಲುದಾರರಿಗೂ ಕರಾರು ಕುದುರದೆ, 2026ರ ಫೆಬ್ರವರಿ 14ಕ್ಕೆ ಬಂದು ನಿಂತಿತು. 14 ತಂಡ, 91 ಪಂದ್ಯ, ಒಬ್ಬರೊಡನೆ ಒಂದೇ ಆಟ. ನಡುವೆ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ಸೀಸನ್ನೇ ಗೈರುಹಾಜರಾದ ದೇಶದಲ್ಲಿ ಸೀಸನ್ ಟಿಕೆಟಿನವನ ಹಾಜರಿ ಕೂಗುತ್ತಾರೆ, ನಾಚಿಕೆ ಬೇಡವೇ?

ನಾನು ಕಾಸರಗೋಡಿನವನು. ನಮ್ಮ ಜಿಲ್ಲೆಯ ಫುಟ್‌ಬಾಲ್ ಹುಚ್ಚನ್ನು ಹೊರಗಿನವರು ಬಂದು ಅಳೆಯಬೇಕಾಗಿಲ್ಲ. ತೆಂಕಣ ತುದಿಯ ತೃಕ್ಕರಿಪುರದಿಂದ ಬಂದ ಮಹಮ್ಮದ್ ರಾಫಿ 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಫೈನಲ್‌ನ ಗೋಲು ತಲೆಯಿಂದಲೇ ಹೊಡೆದುಕೊಟ್ಟ. ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಮಾತು. ಬಡಗಣದ ಕುಂಬಳೆ, ಮೊಗ್ರಾಲ್, ಮಂಜೇಶ್ವರದ ಕಡೆ ಕನ್ನಡ ಮನೆಗಳ ಅವಸ್ಥೆ ಇನ್ನೂ ವಿಚಿತ್ರ. ಅಣ್ಣ ಬ್ಲಾಸ್ಟರ್ಸ್‌ನ ಹಳದಿ, ತಮ್ಮ ಬೆಂಗಳೂರಿನ ನೀಲಿ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಛೆಟ್ರಿ ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದ ರಾತ್ರಿ ಎಷ್ಟೋ ಮನೆಯಲ್ಲಿ ಗಂಜಿಯ ಬಟ್ಟಲ ಮುಂದೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಅದೂ ಗೋಲೇ ಎನ್ನುವುದು ನನ್ನ ಅಭಿಪ್ರಾಯ; ಹಳದಿಯವರು ಬೈಯಲಿ.

ಆದರೆ ಕೊಚ್ಚಿ ಇಲ್ಲಿಂದ ರೈಲಿನಲ್ಲಿ ಸುಮಾರು 370 ಕಿಲೋಮೀಟರ್. ಬೆಂಗಳೂರೂ ಹತ್ತಿರವೇನಲ್ಲ, ಘಟ್ಟ ಹತ್ತಬೇಕು. ಮಧ್ಯಾಹ್ನ ಎರಡೂವರೆಯ ವಂದೇ ಭಾರತ್ ಹತ್ತಿದರೆ ಎರ್ನಾಕುಳಂ ತಲುಪುವಾಗ ಸಂಜೆ ಆರೂವರೆ ದಾಟುತ್ತದೆ. ಆಟ ಹೆಚ್ಚಾಗಿ ಏಳೂವರೆಗೆ. ಯಾಕೆ ಏಳೂವರೆ? ಟಿವಿಯವರಿಗೆ ಅದೇ ಅನುಕೂಲ. ಮುಗಿದ ಮೇಲೆ ನಡುರಾತ್ರಿಯ ಹೊತ್ತಿಗೆ ಮಲಬಾರೋ ಮಾವೇಲಿಯೋ, ಜನರಲ್ ಬೋಗಿಯ ಬಾಗಿಲಲ್ಲಿ ಒಂಟಿಕಾಲು, ಬೆಳಗ್ಗೆ ಕಾಸರಗೋಡು. ಅಲ್ಲಿಂದ ನೇರ ಕೆಲಸಕ್ಕೆ. ಇಷ್ಟು ತಿಳಿದೂ ಒಬ್ಬ ಹುಡುಗ ಇಡೀ ವರ್ಷದ ಟಿಕೆಟ್ ಕೊಂಡು ನಾಲ್ಕು ಆಟಕ್ಕೆ ಹೋಗಿ, ಉಳಿದದ್ದನ್ನು ಮೊಬೈಲಿನಲ್ಲಿ ನೋಡಿದರೆ ಅವನು ಕಳ್ಳನೇ? ಅವನು ದುಡ್ಡು ಕೊಟ್ಟು ಗಾಳಿಯನ್ನು ಕೂರಿಸಿದ್ದಾನೆ. ಕ್ಲಬ್ಬಿಗೆ ಆದ ನಷ್ಟ ಎಷ್ಟು ಪೈಸೆ?

ಬಯಲಾಟದಲ್ಲಿ ಯಾರಾದರೂ ಹೀಗೆ ಲೆಕ್ಕ ಕೇಳಿದ್ದುಂಟೇ? ದೇವೀ ಮಹಾತ್ಮೆ ಇದ್ದರೆ ಗದ್ದೆಯಲ್ಲಿ ಬೈರಾಸು ಹಾಸಿ ಮುಂದಿನ ಜಾಗ ಹಿಡಿಯುವವನಿದ್ದಾನೆ, ಹಿಡಿದು ಚರುಂಬುರಿ ಅಂಗಡಿಗೆ ಹೋಗಿ ಕೂರುವವನೂ ಇದ್ದಾನೆ. ಒಡ್ಡೋಲಗದಲ್ಲಿ ತೂಕಡಿಸುತ್ತಾನೆ. ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸಿ ಬರುವಾಗ ಎದ್ದು ಕೂರುತ್ತಾನೆ. ಭಾಗವತರು ಜಾಗಟೆ ನಿಲ್ಲಿಸಿ ‘ಓ ಅವನೇ, ನಿನ್ನ ಬೈರಾಸು ಖಾಲಿ ಉಂಟು, ಮುಂದಿನ ವರ್ಷ ಬರಬೇಡ’ ಎಂದದ್ದು ನಾನು ಕೇಳಿಲ್ಲ. ಆ ಬೈರಾಸು ಅಲ್ಲಿದ್ದರೆ ಅದರ ಮೇಲೆ ಇನ್ನೊಬ್ಬ ಕೂರುವುದಿಲ್ಲ, ಅಷ್ಟೇ ನ್ಯಾಯ.

2,569. ಈ ಸಂಖ್ಯೆಯನ್ನು ಹಾಜರಿ ಮೇಷ್ಟ್ರುಗಳು ಬಾಯಿಪಾಠ ಮಾಡಬೇಕು. 2018ರ ಜೂನ್ 1ರಂದು ಮುಂಬೈಯಲ್ಲಿ ಚೈನೀಸ್ ತೈಪೆಯನ್ನು ಭಾರತ 5-0ಯಿಂದ ಬಡಿದಾಗ, ಛೆಟ್ರಿ ಹ್ಯಾಟ್ರಿಕ್ ಹೊಡೆದಾಗ ನೋಡಲು ಬಂದವರು 2,569. ಅದು ದಿನಗೂಲಿಯವನು ರೈಲಿನಲ್ಲಿ ನೇತಾಡಿ ಬರಬೇಕಾದ ಊರಲ್ಲ. ಪಕ್ಕದ ಬೀದಿಯಿಂದ ನಡೆದು ಬರಬಹುದಾದ ಮಹಾನಗರ. ಮರುದಿನ ಛೆಟ್ರಿ ಏನು ಮಾಡಿದ? ಸೀಟು ಕಿತ್ತುಕೊಳ್ಳುತ್ತೇನೆ ಎಂದನೇ? ವಿಡಿಯೊದಲ್ಲಿ ಬೇಡಿಕೊಂಡ. ಬೈಯುವುದಿದ್ದರೂ ಬಂದು ಎದುರಿಗೇ ಬೈಯಿರಿ ಎಂದ. ಜೂನ್ 4ರಂದು ಕೀನ್ಯಾದ ಎದುರು, ಅವನ ನೂರನೇ ಪಂದ್ಯಕ್ಕೆ, ಸುರಿಯುವ ಮಳೆಯಲ್ಲಿ ಅದೇ ಸ್ಟೇಡಿಯಂ ಭರ್ತಿ. 2,569ರಿಂದ ಭರ್ತಿಗೆ ಮೂರು ದಿನ ಸಾಕಾಯಿತು, ಅದೂ ಗದರಿಸದೆ. ಭಾರತದ ನಾಯಕನೇ ಕೈಮುಗಿದ ಜಾಗದಲ್ಲಿ ಟಿಕೆಟ್ ಮಾರುವವರು ಬೆತ್ತ ಹಿಡಿದಿದ್ದಾರೆ.

ಸೀಟು ಆರಿಸುವ ಭಾಗ್ಯದ ಬಗ್ಗೆಯೂ ಹೇಳಬೇಕು. ನನ್ನ ಸೋದರಳಿಯ ಒಂದು ಕ್ಲಬ್ಬಿನ ಸೀಸನ್ ಟಿಕೆಟ್ ಕೊಂಡ, ಹೆಸರು ಕೇಳಬೇಡಿ. ಮೊಬೈಲಿನಲ್ಲಿ ನಕ್ಷೆ ಹಿಗ್ಗಿಸಿ ಹಿಗ್ಗಿಸಿ, ಸೆಂಟರ್ ಲೈನಿಗೆ ಸರಿಯಾಗಿ ಒಂದು ಸೀಟು ಹಿಡಿದ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ ನೋಡಿದರೆ ಅಲ್ಲಿ ಯಾರೋ ಪ್ರಾಯೋಜಕರ ಕಡೆಯವರು ಮಕ್ಕಳು ಮರಿ ಸಮೇತ ಕುಳಿತಿದ್ದರು. ಸಮವಸ್ತ್ರದ ಹುಡುಗ ‘ಎಲ್ಲಿಯಾದರೂ ಕೂತುಕೊಳ್ಳಿ ಅಣ್ಣಾ’ ಎಂದನಂತೆ. ಎಲ್ಲಿಯಾದರೂ! ನಾವು ಹೋಗದಿದ್ದಾಗ ಮಾತ್ರ ಆ ಸೀಟಿಗೆ ನಂಬರು ಇರುತ್ತದೆ.

ಇದು ಒಂದು ಕ್ಲಬ್ಬಿನ ಕಥೆಯೂ ಅಲ್ಲ. 2025ರ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸಾವಿರಾರು ರೂಪಾಯಿ ತೆತ್ತು ಮೆಸ್ಸಿಯನ್ನು ನೋಡಹೋದವರಿಗೆ ಕಂಡದ್ದು ಗಣ್ಯರ ಬೆನ್ನು. ಕೊನೆಗೆ ಆ ಕುರ್ಚಿಗಳೇ ಮೈದಾನಕ್ಕೆ ಹಾರಿದವು. ಕೇರಳಕ್ಕಂತೂ ನವೆಂಬರಿನಲ್ಲಿ ಇಡೀ ಅರ್ಜೆಂಟೀನಾ ತಂಡವನ್ನೇ ತರಿಸುತ್ತೇವೆ ಎಂದಿದ್ದರು. ಬಂದದ್ದು ಫ್ಲೆಕ್ಸ್.

ಕಾಸರಗೋಡಿನವರಿಗೆ ಇದು ಹೊಸತಲ್ಲ ಬಿಡಿ. 2024ರಲ್ಲಿ ಸೂಪರ್ ಲೀಗ್ ಕೇರಳ ಎಂದು ಆರು ತಂಡ ಕಟ್ಟಿದರು. ನಕ್ಷೆ ಕಣ್ಣೂರಿನಲ್ಲಿ ಮುಗಿಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಆ ಕಥೆ ಎತ್ತಿದರೆ ಇವತ್ತು ಮುಗಿಯುವುದಿಲ್ಲ. ಕೊರೋನಾ ಬಂದ 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿ ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನೇ ತಡೆದು ಹಿಂದಕ್ಕೆ ಕಳಿಸಿದಾಗ ಅತ್ತಣವರಿಗೆ ನಾವು ಕೇರಳದವರು, ಇತ್ತಣವರಿಗೆ ದೂರದವರು. ಟಿಕೆಟ್ ಮಾರುವಾಗ ಮಾತ್ರ ಎರಡೂ ಕಡೆಯವರಿಗೆ ನಾವು ನೆಂಟರು. ಜೆರ್ಸಿ ಕೊಳ್ಳಲು ಬೇಕು, ಫೋನಿನಲ್ಲಿ ಲೈಕ್ ಒತ್ತಲು ಬೇಕು. ನಮಗಾಗಿ ಒಂದು ಮ್ಯಾಚನ್ನು ಭಾನುವಾರ ಸಂಜೆ ಐದಕ್ಕೆ ಇಡಿ ಎಂದರೆ ಪ್ರಸಾರದ ಕರಾರು ಅಡ್ಡ ಬರುತ್ತದೆ.

ಖಾಲಿ ಬಿಡುವುದೂ ಒಂದು ಮಾತು ಎಂಬುದು ಇವರಿಗೆ ಅರ್ಥವಾಗುವುದಿಲ್ಲ. ಬ್ಲಾಸ್ಟರ್ಸ್‌ನ ಅಭಿಮಾನಿ ಬಳಗ ಮಂಜಪ್ಪಡ 2024ರ ಕೊನೆಗೆ ಆಡಳಿತದ ಮೇಲೆ ಸಿಟ್ಟಾಗಿ ಟಿಕೆಟ್ ವಿಷಯದಲ್ಲೇ ತಿರುಗಿಬಿತ್ತು. 2014, 2016, 2022, ಮೂರು ಫೈನಲ್ ಸೋತ ತಂಡದ ಬೆನ್ನು ಬಿಡದ ಜನ ಅವರು. ಅವರನ್ನು ಅಭಿಮಾನಿಗಳಲ್ಲ ಎನ್ನುವವನು ಗ್ಯಾಲರಿಯ ಮೆಟ್ಟಿಲು ಹತ್ತಿದ್ದಾನೋ ಇಲ್ಲವೋ, ಎಸಿ ಬಾಕ್ಸಿನ ಲಿಫ್ಟ್ ಹತ್ತಿರಬಹುದು.

ಮೊನ್ನೆ ಅಳಿಯ ಮತ್ತೆ ನಕ್ಷೆ ಬಿಚ್ಚಿ ಕುಳಿತಿದ್ದ. ಈ ಸಲ ಸೆಂಟರ್ ಲೈನ್ ಬೇಡವೆಂದ. ಕೊನೆಯ ಸಾಲು, ಗೇಟಿನ ಪಕ್ಕ.

“ಅಲ್ಲಿಂದ ಎಂತ ಕಾಣ್ತದೆ ಮಾರಾಯ?”

“ಆಟ ಅರ್ಧ ಕಾಣ್ತದೆ ಮಾವ. ಎಂಬತ್ತೈದನೇ ನಿಮಿಷಕ್ಕೆ ಎದ್ದು ಓಡಿದರೆ ಬಸ್ಸು ಸಿಗ್ತದೆ.”

ಆಗ ಟಿವಿಯ ಕ್ಯಾಮರಾ ಆ ಕಡೆಗೇ ತಿರುಗಿರುತ್ತದೆ, ನೋಡಿ.