ನಕ್ಷತ್ರದ ನಡುವಯಸ್ಸನ್ನೂ ಕಲಿಸೋಣ

ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸಿದಷ್ಟು ಕಾಲವೂ ನಕ್ಷತ್ರದ ಪಾಠ ಹುಟ್ಟಿನಿಂದ ನೇರ ಸಾವಿಗೆ ಜಿಗಿಯುತ್ತಿತ್ತು. ಅನಿಲ, ಧೂಳಿನ ಮೋಡದಲ್ಲಿ ಜನನ. ಆಮೇಲೆ ಕೆಂಪು ದೈತ್ಯ, ಶ್ವೇತ ಕುಬ್ಜ, ಕಪ್ಪು ಕುಳಿ. ನಡುವಿನ ನೂರಾರು ಕೋಟಿ ವರ್ಷಗಳಿಗೆ ಒಂದೇ ಸಾಲು. ನಾವು ಬದುಕಿರುವುದೇ ಸೂರ್ಯನ ಆ ನಡುವಯಸ್ಸಿನ ದಯೆಯಿಂದ. ಅದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲೂಬಹುದು.

ಡಿಸೆಂಬರಿನಲ್ಲಿ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಮೇಲೆ ಕೃತ್ತಿಕೆಯ ಪುಟ್ಟ ಗೊಂಚಲು ಕಾಣುತ್ತದೆ. ಅದರ ಕೆಳಗೆ ಕೆಂಪನೆಯ ರೋಹಿಣಿ, ಅದರ ಮಗ್ಗುಲಲ್ಲೇ ‘ವಿ’ ಆಕಾರದಲ್ಲಿ ಚೆಲ್ಲಿದ ಮಂಕು ಚುಕ್ಕಿಗಳು. (ರೋಹಿಣಿ ಆ ಗುಂಪಿನದಲ್ಲ. ಗುಂಪು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿದ್ದರೆ ಇದು 65ರಲ್ಲೇ ಇದೆ.) ಕೃತ್ತಿಕೆಯ ವಯಸ್ಸು ಹತ್ತು ಕೋಟಿ ವರ್ಷದ ಆಸುಪಾಸು, ‘ವಿ’ ಗುಂಪಿನದು ಅರವತ್ತು ಕೋಟಿಗೂ ಮೇಲೆ. ನಮ್ಮ ಸೂರ್ಯನಿಗೆ 460 ಕೋಟಿ.

1972ರಲ್ಲಿ ಖಗೋಳವಿಜ್ಞಾನಿ ಆಂಡ್ರ್ಯೂ ಸ್ಕುಮಾನಿಚ್ ಈ ಮೂರನ್ನೂ ವಯಸ್ಸಿನ ಸಾಲಿನಲ್ಲಿಟ್ಟು ನೋಡಿದರು. ಕೆಲವೇ ಪುಟಗಳ ಪ್ರಬಂಧ ಅದು. ವಯಸ್ಸು ನಾಲ್ಕುಪಟ್ಟಾದರೆ ನಕ್ಷತ್ರ ತನ್ನ ಸುತ್ತ ತಾನು ತಿರುಗುವ ವೇಗ ಅರ್ಧಕ್ಕಿಳಿಯುತ್ತದೆ ಎಂಬ ಲೆಕ್ಕ ಅದರಿಂದ ಸಿಕ್ಕಿತು. ಕೃತ್ತಿಕೆಯಲ್ಲಿ ಸೂರ್ಯನಂಥ ನಕ್ಷತ್ರಗಳು ಕೆಲವೇ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತವೆ. ಸೂರ್ಯನ ಸಮಭಾಜಕಕ್ಕೆ ಸುಮಾರು 25 ದಿನ ಬೇಕು. ನಕ್ಷತ್ರದಿಂದ ಹೊರಹೊಮ್ಮುವ ಗಾಳಿ ಅದರ ಕಾಂತಕ್ಷೇತ್ರಕ್ಕೆ ಸಿಕ್ಕಿಕೊಂಡೇ ದೂರ ಸಾಗುತ್ತ, ತಿರುಗುವ ಬಲವನ್ನು ಹೊತ್ತೊಯ್ಯುತ್ತದೆ. ಕೈ ಅಗಲಿಸಿದೊಡನೆ ಗಿರಗಿರನೆ ಸುತ್ತುವ ಮಗು ನಿಧಾನವಾಗುವ ಹಾಗೆ.

ವೇಗ ತಗ್ಗಿದಂತೆ ಆರ್ಭಟವೂ ತಗ್ಗುತ್ತದೆ. ಎಳೆಯ ಸೂರ್ಯನ ಬೆಳಕು ಇಂದಿನದರ ಮುಕ್ಕಾಲಿಗಿಂತ ಕಡಿಮೆಯಿತ್ತು, ಆದರೆ ಅದು ಉಗುಳುತ್ತಿದ್ದ ಕ್ಷಕಿರಣ ನೂರಾರು ಪಟ್ಟು ಹೆಚ್ಚಿತ್ತು. ಮಂಗಳ ತನ್ನ ವಾತಾವರಣದ ಬಹುಪಾಲನ್ನು ಕಳೆದುಕೊಂಡದ್ದರಲ್ಲಿ ಆ ರಭಸದ ಕೈವಾಡವಿದೆ. ಸೂರ್ಯ ಹಾಗೆಯೇ ಉಳಿದಿದ್ದರೆ ಭೂಮಿಯ ಪಾಡೇನು ಎಂದು ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಬೇಕು, ಅವರೇ ಯೋಚಿಸಲಿ. ಶಾಂತವಾದ ಈ ಸೂರ್ಯನೂ ಆಗಾಗ ಸಿಡಿಯುತ್ತದೆ. ಆ ಸಿಡಿತವನ್ನು ಕಾಯಲೆಂದೇ 2023ರ ಸೆಪ್ಟೆಂಬರಿನಲ್ಲಿ ಹೋದ ಆದಿತ್ಯ-ಎಲ್1 ನೌಕೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಉಪಕರಣವಿದೆ.

ಈ ಪಾಠಕ್ಕೆ ದೂರದರ್ಶಕ ಬೇಡ, ಅನುದಾನವೂ ಬೇಡ. ಶಿಕ್ಷಕ ಮಿತ್ರರೇ, ಈ ಚಳಿಗಾಲದ ಒಂದು ಅಮಾವಾಸ್ಯೆಯ ರಾತ್ರಿ ಮಕ್ಕಳನ್ನು ಶಾಲೆಯ ಮೈದಾನಕ್ಕೆ ಕರೆಯಿರಿ. ಒಂದು ಗಂಟೆ ಬೀದಿದೀಪ ಆರಿಸಿಕೊಡಿ ಎಂದು ನಿಮ್ಮ ಪಂಚಾಯಿತಿಯವರನ್ನು ಇವತ್ತೇ ಕೇಳಿ.